ಕೆನಾಲು ದಾಟಿದ ಕಳವುಗಳ ಕುರಿತು ಕೋಷ್ಟಕ ಮಹಾಶಯರಿಗೆ

ಗೆ,
ದೇಶದ ಅಪರಾಧಗಳ ವಾರ್ಷಿಕ ಕೋಷ್ಟಕ ಮಹಾಶಯರು,
ಅಡ್ಡಸಾಲು–ಉದ್ದಸಾಲುಗಳ ನಿವಾಸ,
ದೆಹಲಿ.

ವಿಷಯ: ನಮ್ಮೂರಿನ ಕಳವುಗಳು ಕೈತಪ್ಪಿ ಆಚೆ ದಂಡೆಗೆ ಹೋಗಿದ್ದು, ಅವನ್ನು ದಯಮಾಡಿ ನಮಗೆ ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ಶಹಾಪುರ ತಾಲೂಕಿನ ಅಂಚಿನಲ್ಲಿ, ಕೆನಾಲಿನ ಈ ದಂಡೆಗೆ ಇರುವ ಬನ್ನಿಹಾಳ ಎಂಬ ಊರಿನ ಅಂಗನವಾಡಿ ಟೀಚರ್ ಗೊಲ್ಲಾಳಮ್ಮಳಾದ ನಾನು ತಮಗೆ ಸಾಷ್ಟಾಂಗ ನಮಸ್ಕಾರ ಸಲ್ಲಿಸುತ್ತೇನೆ. ತಮಗೆ ಪಾದಗಳಿವೆಯೋ ಇಲ್ಲವೋ ಖಚಿತವಾಗಿ ತಿಳಿಯದ ಕಾರಣ, ಆ ನಮಸ್ಕಾರವನ್ನು ತಮ್ಮ ಕಟ್ಟಕಡೆಯ ಸಾಲಿನಲ್ಲಿರುವ ‘ಒಟ್ಟು’ ಎಂಬ ಪದದ ಬುಡದಲ್ಲಿ ಇಟ್ಟಿದ್ದೇನೆ, ಅಲ್ಲಿಂದ ಎತ್ತಿಕೊಳ್ಳಬೇಕು. ತಮ್ಮ ಗೆರೆಗಳು ನೆಟ್ಟಗಿವೆಯೆಂದೂ, ತಮ್ಮ ಕೂಡುವಿಕೆಯಲ್ಲಿ ತಪ್ಪಿಲ್ಲವೆಂದೂ, ಎಂದೋ ನಡೆದುಹೋದ ಕೊಲೆ, ಸುಲಿಗೆ, ದರೋಡೆಗಳೆಲ್ಲ ತಡವಾಗಿಯಾದರೂ ತಮ್ಮ ಮನೆ ಸೇರಿ, ತಮ್ಮ ತಮ್ಮ ಕೋಣೆಗಳಲ್ಲಿ ತಕರಾರಿಲ್ಲದೆ ಕೂತಿವೆಯೆಂದೂ ನಂಬಿದ್ದೇನೆ. ನಾವಿಲ್ಲಿ ಕ್ಷೇಮ. ನಾವು ಎಷ್ಟು ಕ್ಷೇಮವೆಂಬುದನ್ನು ತಾವೇ ಅಚ್ಚು ಹಾಕಿಸಿ ಹೇಳಿರುವುದರಿಂದ ಅದರ ಬಗ್ಗೆ ಎದುರು ಮಾತಾಡುವ ಧೈರ್ಯ ನನಗಿಲ್ಲ.

ಒಂದು ರೀತಿಯಲ್ಲಿ ನಾನೂ ತಮ್ಮ ಬಳಗದವಳೇ. ತಿಂಗಳಿಗೊಮ್ಮೆ ಊರ ಕೂಸುಗಳನ್ನು ತಕ್ಕಡಿಯಲ್ಲಿ ಕೂಡಿಸಿ ತೂಗಿ, ಮೇಲಿನವರು ಕೊಟ್ಟ ಖಾನೆಗಳಲ್ಲಿ ತುಂಬುವುದು ನನ್ನ ಕೆಲಸ. ತೂಕದ ದಿನ ತಾಯಿಯ ಜೊತೆ ಅಜ್ಜಿಯ ಊರಿಗೆ ಹೋದ ಕೂಸು ಖಾನೆಗೆ ಬರುವುದಿಲ್ಲ. ಖಾನೆಗೆ ಬಾರದ ಕೂಸಿನ ಪಾಲಿನ ತತ್ತಿಯೂ ಬರುವುದಿಲ್ಲ. ಕೂಸು ಮಾತ್ರ ಮರುದಿನ ಬಂದು ತತ್ತಿಗೆ ಕೈಯೊಡ್ಡಿ ನಿಲ್ಲುತ್ತದೆ. ಆಗ ಅದಕ್ಕೆ ‘ಕಾಗದದ ಪ್ರಕಾರ ನೀನು ಇಲ್ಲವಪ್ಪಾ’ ಎಂದು ವಿವರಿಸಿ ಹೇಳುವುದು ಎಷ್ಟು ಕಷ್ಟವೆಂಬುದು ನನಗೆ ಗೊತ್ತು. ಆದ್ದರಿಂದ ತಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ, ಮತ್ತು ಈ ಪತ್ರವನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟು ಸ್ವಲ್ಪ ಇದೆ. ಅದನ್ನು ಪತ್ರದ ಕೊನೆಗೆ ಇಟ್ಟುಕೊಂಡಿದ್ದೇನೆ.

ತಮ್ಮ ದೊಡ್ಡ ಪುಸ್ತಕದಲ್ಲಿ ಬನ್ನಿಹಾಳದ ಹೆಸರೇ ಇಲ್ಲವೆಂಬುದನ್ನು ನಾವು ಬಲ್ಲೆವು, ಅದಕ್ಕಾಗಿ ಬೇಸರವೂ ಇಲ್ಲ. ನಮ್ಮೂರಿನಲ್ಲಿ ಒಂದು ಕೋಳಿ ಕಳುವಾದರೆ ಆ ಕೋಳಿ ಮೊದಲು ಸೇತುವೆಯ ಹತ್ತಿರದ ಪೊಲೀಸ್ ಹೊರಠಾಣೆಗೆ, ಅಂದರೆ ನಾವು ಚೌಕಿ ಎನ್ನುವ ಒಂದೇ ಕೋಣೆಗೆ ಬಂದು, ಅಲ್ಲಿಂದ ದೊಡ್ಡ ಠಾಣೆಗೆ ಹೋಗಿ ಎಫ್‌ಐಆರ್ ನಂಬರು ಪಡೆದು, ಬೇರೆ ಊರುಗಳ ಕೋಳಿಗಳ ಜೊತೆಗೂಡಿ ಯಾದಗಿರಿಗೆ ಪ್ರಯಾಣ ಮಾಡಿ, ಅಲ್ಲಿ ಜಿಲ್ಲೆಯ ಅಂಕಿಯಾಗಿ, ಬೆಂಗಳೂರಿನಲ್ಲಿ ರಾಜ್ಯದ ಅಂಕಿಯಾಗಿ, ಕೊನೆಗೆ ತಮ್ಮ ಸನ್ನಿಧಿಯನ್ನು ಸೇರುವಷ್ಟರಲ್ಲಿ ಅದರ ರೆಕ್ಕೆಪುಕ್ಕಗಳೆಲ್ಲ ಉದುರಿ ‘ಇತರೆ ಕಳವು’ ಎಂಬ ಖಾನೆಯಲ್ಲಿ ಲೀನವಾಗಿರುತ್ತದೆ. ಇದು ನಮ್ಮ ಕೋಳಿಗೆ ಸಿಕ್ಕ ಮೋಕ್ಷವೆಂದೇ ನಾವು ತಿಳಿದಿದ್ದೇವೆ. ನಮ್ಮ ತಕರಾರು ಅಂಕಿ ಏರಿಹೋಗುವ ದಾರಿಯ ಬಗ್ಗೆ ಅಲ್ಲ, ಅದು ಇಳಿದುಬರುವ ದಾರಿಯ ಬಗ್ಗೆ. ಮೇಲೆ ಹೋಗುವಾಗ ಬಡಪಾಯಿ ಕೋಳಿಯಾಗಿದ್ದದ್ದು ಕೆಳಗೆ ಬರುವಾಗ ಕೈಯಲ್ಲಿ ಬಡಿಗೆ ಹಿಡಿದುಕೊಂಡು, ‘ಹೋದ ವರ್ಷಕ್ಕಿಂತ ಯಾಕೆ ಹೆಚ್ಚಾಯಿತು’ ಎಂದು ಕೇಳುತ್ತ ಬರುತ್ತದೆ. ಆ ಬಡಿಗೆ ಕೋಳಿ ಕದ್ದವನ ಬೆನ್ನಿಗೆ ಬಿದ್ದಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಮೊದಲಿನ ಕಾಲ ಹೇಗಿತ್ತೆಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ. ನಮ್ಮ ಚೌಕಿಯಲ್ಲಿ ಹಿಂದೆ ಇದ್ದ ದಫೇದಾರರು, ಕೋಷ್ಟಕ ಮಹಾಶಯರಾದ ತಮ್ಮ ಮನಸ್ಸಿಗೆ ನೋವಾಗಬಾರದೆಂದು ಬಹಳ ಎಚ್ಚರ ವಹಿಸುತ್ತಿದ್ದರು. ಅವರ ಕಾಲದಲ್ಲಿ ನಮ್ಮೂರಲ್ಲಿ ಕಳವು ಎಂಬುದೇ ನಡೆಯಲಿಲ್ಲ. ವಸ್ತುಗಳು ತಾವಾಗಿ ಕಾಣೆಯಾಗುತ್ತಿದ್ದವು. ಕೆನಾಲಿಗೆ ನೀರು ಬಿಟ್ಟ ವಾರವೇ ಮಸ್ತಾನಸಾಬರ ನೀರೆತ್ತುವ ಮೋಟರು ಹೋದಾಗ, ಅದು ‘ಕಾಣೆಯಾಗಿದೆ’ ಎಂದು ಬರೆದುಕೊಂಡರು. ಇಬ್ಬರು ಗಂಡಸರು ಹೊತ್ತರೂ ಏದುಸಿರು ಬಿಡಬೇಕಾದ ಆ ಮೋಟರು ಮನೆಯವರ ಜೊತೆ ಮುನಿಸಿಕೊಂಡು ಎದ್ದುಹೋಗಿತ್ತೆಂದು ನಾವು ತಿಳಿಯಬೇಕಿತ್ತು. ನಮ್ಮ ಓಣಿಯ ಹಿರಿಯಳಾದ ತಿಮ್ಮವ್ವನ ಹೋತ ಹೋದಾಗ ಅದು ‘ಮೇಯುತ್ತ ಬೇರೆಡೆ ತೆರಳಿದೆ’ ಎಂದಾಯಿತು. ತಿಮ್ಮವ್ವ ಬಾಯಿ ಬಿಗಿಹಿಡಿಯುವವಳಲ್ಲ. “ಸಾಹೇಬ್ರ, ಹಗ್ಗ ಕೊಯ್ದಾರ ನೋಡ್ರಿ. ನನ್ನ ಹೋತ ಕೈಯಾಗ ಕುಡಗೋಲು ಹಿಡಕೊಂಡು ಮೇಯಾಕ ಹೋಗಿತ್ತೇನು?” ಎಂದು ಕೇಳಿದಳು. ದಫೇದಾರರು ನಕ್ಕು, ಅವಳಿಗೆ ಚಹಾ ತರಿಸಿಕೊಟ್ಟು, ಕಾಗದ ಮಡಿಚಿಟ್ಟರು. ಅವರು ಕೆಟ್ಟವರಾಗಿರಲಿಲ್ಲ, ಅಂಕಿ ಏರಿದರೆ ತಿಂಗಳ ಸಭೆಯಲ್ಲಿ ಬೈಗುಳ ತಿನ್ನಬೇಕಾದವರು ಅವರೇ ಆಗಿದ್ದರು.

ಅವರು ನಿವೃತ್ತರಾದ ಮೇಲೆ ನಮ್ಮ ಚೌಕಿಗೆ ಹಣಮಮ್ಮ ಎಂಬ ಹೆಡ್ ಕಾನ್‌ಸ್ಟೇಬಲ್ ಬಂದರು. ಹೆಂಗಸಾದರೂ ನಾವು ಅವರನ್ನು ದಫೇದಾರ ಹಣಮಮ್ಮ ಎಂದೇ ಕರೆದೆವು. ಅವರಿಗೆ ಒಂದು ಕೆಟ್ಟ ಅಭ್ಯಾಸವಿತ್ತು: ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದು. ಅಷ್ಟೇ ಅಲ್ಲ, ದೂರು ಕೊಟ್ಟವರನ್ನು ತಮ್ಮ ಸ್ಕೂಟಿಯ ಹಿಂದೆ ಕೂಡಿಸಿಕೊಂಡು ದೊಡ್ಡ ಠಾಣೆಗೆ ಹೋಗಿ, ಎಫ್‌ಐಆರ್ ನಂಬರು ಕೈಗೆ ಬರುವ ತನಕ ಅಲ್ಲಿನ ಬಾಕಿನ ಮೇಲೆ, ಅಂದರೆ ಮರದ ಬೆಂಚಿನ ಮೇಲೆ, ಕೂತುಬಿಡುತ್ತಿದ್ದರು. ಏಳ್ರಿ ಎಂದರೆ ಏಳುತ್ತಿರಲಿಲ್ಲ. ಮನೆಯಿಂದ ಕಟ್ಟಿಕೊಂಡು ಬಂದ ಜೋಳದ ರೊಟ್ಟಿ, ಪುಂಡಿಪಲ್ಯ ಬಿಚ್ಚಿ, ದೂರುದಾರರಿಗೂ ಬರೆಯುವವರಿಗೂ ಹಂಚಿ ತಿನ್ನುತ್ತಿದ್ದರು. ರೊಟ್ಟಿ ತಿಂದ ಮೇಲೆ ನಂಬರು ಕೊಡದೆ ಕಳಿಸುವುದು ಬರೆಯುವವರಿಗೂ ಕಷ್ಟವಾಗುತ್ತಿತ್ತು. ಹೀಗೆ ನಮ್ಮೂರಿನ ವಸ್ತುಗಳು ಕಾಣೆಯಾಗುವುದನ್ನು ಬಿಟ್ಟು, ಉಳಿದ ದೇಶದ ವಸ್ತುಗಳ ಹಾಗೆ ಮರ್ಯಾದೆಯಿಂದ ಕಳುವಾಗತೊಡಗಿದವು. ಕೆಲವು ಸಿಕ್ಕವು ಕೂಡ. ಮಸ್ತಾನಸಾಬರ ಎರಡನೆಯ ಮೋಟರು ವಡಗೇರಾದ ಒಂದು ಗುಜರಿಯಲ್ಲಿ ಬಣ್ಣ ಬದಲಿಸಿಕೊಂಡು ಕೂತಿತ್ತು. ಹಣಮಮ್ಮ ಅದನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದಾಗ ಊರಿಗೆ ಊರೇ ನೋಡಲು ನಿಂತಿತ್ತು.

ಆದರೆ ಮೋಟರಿನ ಸಲುವಾಗಿ ನಾನು ಈ ಪತ್ರ ಬರೆಯುತ್ತಿಲ್ಲ, ಮಹಾಶಯರೇ. ಮಸ್ತಾನಸಾಬರ ಮಗಳು ಆಮೀನಾ ಶಹಾಪುರದ ಕಾಲೇಜಿಗೆ ಹೋಗುತ್ತಾಳೆ. ನನ್ನ ತಕ್ಕಡಿಯಲ್ಲಿ ತೂಗಿಸಿಕೊಂಡು ಬೆಳೆದ ಹುಡುಗಿ, ನಮ್ಮೂರಿನಿಂದ ಡಿಗ್ರಿಯ ಕೊನೆಯ ವರ್ಷದ ತನಕ ಬಂದ ಮೊದಲ ಹುಡುಗಿ. ಸಂಜೆಯ ಬಸ್ಸು ದೋರನಹಳ್ಳಿಯ ಮೇಲೆ ಬಂದು ಅವಳನ್ನು ಕೆನಾಲಿನ ಸೇತುವೆಗೆ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿಗೆ ದಂಡೆಯ ಮೇಲೆ ನಡೆದು ಬರಬೇಕು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಎದೆಯೆತ್ತರದ ಹತ್ತಿ. ಒಬ್ಬ ಭೂಪ ತನ್ನ ಮೋಟರ್ ಸೈಕಲ್ಲಿನ ಮೇಲೆ ದಿನಾಲೂ ಅವಳ ಹಿಂದೆ ಮೆಲ್ಲಗೆ ಬರತೊಡಗಿದ. ಆಮೀನಾ ತಾನೇ ಹೋಗಿ ಚೌಕಿಯಲ್ಲಿ ಹೇಳಿದಳು. ಸುದ್ದಿ ತಿಳಿದ ಮಸ್ತಾನಸಾಬರು ಹೆದರಿ, ಮಗಳ ಹೆಸರು ಎಲ್ಲೂ ಬರೆಯಬೇಡಿರೆಂದು ಕೈಮುಗಿದರು. ಹಣಮಮ್ಮ, “ಹುಡುಗಿ ಹೆಸರು ಹೊರಗ ಬರಂಗಿಲ್ಲ ಅಣ್ಣಾ, ಆ ಹುಡುಗಂದು ಬರ್ತದ. ನಾಚಬೇಕಾದಾಂವ ಅಂವ ಅದಾನ” ಎಂದು ಹೇಳಿ ಬರೆದುಕೊಂಡರು. ಆಮೇಲೆ ಬಸ್ಸಿನ ಹೊತ್ತಿಗೆ ಚೌಕಿಯ ದೀಪ ಹಚ್ಚಿ, ಹೊರಗೆ ಒಂದು ಬಾಕು ಹಾಕಿ ಕೂಡುವುದನ್ನು ರೂಢಿ ಮಾಡಿಕೊಂಡರು. ಹತ್ತಿ ಬಿಡಿಸಲು ಹೋದ ಹೆಂಗಸರೂ ಅಲ್ಲೇ ಸೇರಿ, ಮಂಡಾಳ ಅಂದರೆ ಮಂಡಕ್ಕಿ ತಿಂದು, ಎಲ್ಲರೂ ಕೂಡಿ ಊರಿಗೆ ಬರುತ್ತಿದ್ದರು. ಮೋಟರ್ ಸೈಕಲ್ಲಿನ ಭೂಪ ಬೇರೆ ದಾರಿ ಹಿಡಿದ.

ಇಷ್ಟೆಲ್ಲ ಒಳ್ಳೆಯದು ನಡೆಯುತ್ತಿದ್ದಾಗ ತಮ್ಮ ಖಾನೆಯಲ್ಲಿ ಏನು ನಡೆಯಿತು? ನಮ್ಮ ಭಾಗದ ಅಪರಾಧ ನಾಲ್ಕು ಪಟ್ಟು ಹೆಚ್ಚಾಯಿತು! ಕಳ್ಳರು ಅವರೇ, ಕೋಳಿಗಳೂ ಅಷ್ಟೇ, ಬರೆಯುವ ಕೈಯೊಂದು ಬದಲಾಗಿತ್ತು. ತಮ್ಮ ಕೋಷ್ಟಕದಲ್ಲಿ ಬರೆಯುವ ಕೈಗೆ ಒಂದು ಖಾನೆ ಇಲ್ಲದ ಕಾರಣ ಅದೆಲ್ಲ ಕಳ್ಳತನದ ಖಾನೆಗೇ ಬಿತ್ತು. ಹಾಗೆಂದು ತಾವು ಎಲ್ಲವನ್ನೂ ಎಣಿಸಿದಿರೆಂದೂ ಅಲ್ಲ. ಪಂಚಾಯ್ತಿ ಮೆಂಬರ್ ಅಮರಪ್ಪನ ಕಿರಾಣಿ ಅಂಗಡಿಗೆ ಕಳ್ಳ ನುಗ್ಗಿ, ಬೀಗ ಮುರಿದು, ಎಣ್ಣೆ ಡಬ್ಬಿ ಎತ್ತಿಕೊಂಡು, ಎಚ್ಚರಾಗಿ ಎದ್ದು ಬಂದ ಅಮರಪ್ಪನ ಕಪಾಳಕ್ಕೆ ಒಂದು ಬಾರಿಸಿ ಓಡಿದ್ದ. ಒಂದೇ ದೂರಿನಲ್ಲಿ ಎಷ್ಟು ಅಪರಾಧಗಳಿದ್ದರೂ ಅವುಗಳಲ್ಲಿ ದೊಡ್ಡದೊಂದನ್ನೇ ಎಣಿಸಬೇಕೆಂಬ ನಿಯಮ ತಮ್ಮಲ್ಲಿ ಇದೆಯೆಂದು ಹಣಮಮ್ಮ ತಿಳಿಸಿ ಹೇಳಿದರು. ಅದರ ಪ್ರಕಾರ ಅಮರಪ್ಪನ ಅಂಗಡಿ ಮುರಿದದ್ದು ಲೆಕ್ಕಕ್ಕೆ ಬಂತು, ಕಪಾಳದ ಏಟು ಬರಲಿಲ್ಲ. ದೇಶದ ಲೆಕ್ಕದಲ್ಲಿ ನಡೆದೇ ಇರದ ಆ ಏಟಿನಿಂದ ಅವನ ಎಡಗಿವಿ ಎಷ್ಟೋ ದಿನ ಗುಂಯ್‌ಗುಡುತ್ತಿತ್ತು.

ಹೆಚ್ಚಾದ ಆ ಅಂಕಿ ಬಡಿಗೆ ಹಿಡಿದುಕೊಂಡು ಮೇಲಿನಿಂದ ನಮ್ಮ ಕಡೆಗೆ ಇಳಿದು ಬಂದಿತು. ಪತ್ರಿಕೆಯೊಂದು ನಮ್ಮ ಭಾಗವನ್ನು ಕಳ್ಳರ ತವರೆಂದು ಬರೆಯಿತು. ಅದನ್ನು ಓದಿ ಕೊಂಕಲ್ಲಿನ ಬೀಗರೊಬ್ಬರು ನಮ್ಮೂರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದರು. ಕಳ್ಳರೆಲ್ಲ ನಮ್ಮೂರಿಗೆ ಬರುತ್ತಾರೆಂದರೆ ಕದಿಯುವಂಥದ್ದು ನಮ್ಮಲ್ಲಿ ಬಹಳ ಇದೆಯೆಂದು ಅಮರಪ್ಪ ಹೋಗಿ ತಿಳಿಹೇಳಿದ ಮೇಲೆ ಒಪ್ಪಿದರು. ಇದನ್ನೆಲ್ಲ ನಾವು ನಗುತ್ತ ತಡೆದುಕೊಂಡೆವು. ಆದರೆ ಚೌಕಿಯ ಕಾನ್‌ಸ್ಟೇಬಲ್ ಪರಮಣ್ಣ ವರ್ಷದ ಆರಂಭದಲ್ಲೇ ಒಂದು ದಿನ ಭಜಿ ಅಂಗಡಿಯ ಮುಂದೆ ನಿಂತು ತಗ್ಗಿದ ದನಿಯಲ್ಲಿ ಹೇಳಿದ ಸುದ್ದಿ ನಗುವಂಥದ್ದಾಗಿರಲಿಲ್ಲ. “ಮೇಡಮ್ಮರನ್ನ ಮೀಟಿಂಗಿನ್ಯಾಗ ಎದ್ದು ನಿಲ್ಲಿಸಿ ಬೈದಾರ್ರಿ. ವರ್ಷ ಮುಗಿಯೂದರಾಗ ನಂಬರ ಇಳೀಲಿಲ್ಲಂದ್ರ ಎತ್ತಂಗಡಿ ಅಂತ. ಅವರು ಮಾತ್ರ ಒಂದು ಮಾತೂ ಆಡಾಂಗಿಲ್ಲ, ನಾಳಿ ಬರ್ರಿ ಬರಕೊಂತೀನಿ ಅಂತಾರ.”

ಅವತ್ತು ಸಂಜೆ ಊರಿನವರೆಲ್ಲ ಪಂಚಾಯ್ತಿ ಕಟ್ಟೆಗೆ ಸೇರಿದರು. ಹಣಮಮ್ಮನನ್ನು ಉಳಿಸಿಕೊಳ್ಳಬೇಕೆಂಬುದರಲ್ಲಿ ಎರಡು ಮಾತಿರಲಿಲ್ಲ. ಕಳವು ನಿಲ್ಲಿಸುವುದು ನಮ್ಮ ಕೈಯಲ್ಲಿರಲಿಲ್ಲ, ಏಕೆಂದರೆ ಕಳ್ಳರು ಸಭೆಗೆ ಬಂದಿರಲಿಲ್ಲ. ಬಂದಿದ್ದರೂ ಗುರುತು ಹೇಳಿಕೊಂಡಿರಲಿಲ್ಲ. ಆಗ ನಮ್ಮ ಅಮರಪ್ಪನಿಗೆ ಹೊಳೆದ ಉಪಾಯವನ್ನು ಕೇಳಿದರೆ ತಾವು ಗೆರೆ ಅಲುಗಿಸಿ ನಗುತ್ತೀರಿ. ಕೆನಾಲಿನ ಈ ದಂಡೆ ಶಹಾಪುರ ತಾಲೂಕು, ಆ ದಂಡೆ ಸುರಪುರ ತಾಲೂಕು. ನಮ್ಮದು ಒಂದು ಠಾಣೆ, ಅವರದು ಇನ್ನೊಂದು. ನಮ್ಮವರ ಹೊಲಗಳು ಎರಡೂ ಕಡೆಗೆ ಇವೆ. “ಈ ಕಡಿ ಏನರ ಕಳುವಾದ್ರ ಆ ಕಡಿ ಕಳುವಾತು ಅಂತ ಆ ಕಡಿ ಠಾಣ್ಯಾಗ ಬರಸ್ರಿ. ಕಳವು ಕಳವೇ ಆತು, ಹಣಮಮ್ಮನ ಹೆಸರೂ ಉಳೀತು. ಕೆನಾಲಿನ್ಯಾಗ ಇಷ್ಟು ನೀರು ಹರೀತದ, ನಾಕು ಕಳವು ಹಾಯಿಸಿದ್ರ ಏನಾತು?” ಎಂದ. ನಾವು ಚಪ್ಪಾಳೆ ತಟ್ಟಿದೆವು, ಮಹಾಶಯರೇ. ಬರೆಯಬಲ್ಲವಳೆಂದು ಎಲ್ಲರೂ ನನ್ನ ಕಡೆ ನೋಡಿದರು; ನಾನೂ ಚಪ್ಪಾಳೆ ತಟ್ಟಿದೆ.

ಅಂದಿನಿಂದ ನಮ್ಮ ಕಳವುಗಳು ಒಂದೊಂದಾಗಿ ಸೇತುವೆ ದಾಟಿದವು. ತಿಮ್ಮವ್ವನ ಹಿತ್ತಲಿನಿಂದ ಹೋದ ಕೋಳಿಗಳು, ಅವಳು ಅವುಗಳಿಗೆ ಆಚೆ ದಂಡೆಯ ಗಾಳಿ ತೋರಿಸಲು ಹೋದಾಗ ಹೋದವೆಂದು ದಾಖಲಾದವು. ಹಿಟ್ಟಿನ ಗಿರಣಿಯ ಬೆಲ್ಟು ಸುರಪುರ ತಾಲೂಕಿನಲ್ಲಿ ಕಳುವಾಯಿತು, ಗಿರಣಿ ಮಾತ್ರ ಶಹಾಪುರ ತಾಲೂಕಿನಲ್ಲೇ ಉಳಿಯಿತು. ಇಂಥ ದೂರುಗಳನ್ನು ಆಚೆಯವರು ಬರೆದುಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕು ನಮಗಿತ್ತು; ಆದರೆ ಅಲ್ಲಿನ ಸಾಹೇಬರು ನಮ್ಮನ್ನು ಎದ್ದು ನಿಂತು ಬರಮಾಡಿಕೊಂಡರು. ಅವರು ಹೊಸ ಜೀಪು, ಹೆಚ್ಚಿನ ಜನ ಬೇಕೆಂದು ಅರ್ಜಿ ಹಾಕಿ, ‘ನಿಮ್ಮಲ್ಲಿ ಅಪರಾಧ ಸಾಲದು’ ಎಂಬ ಉತ್ತರ ಪಡೆದು ಬೇಸರದಲ್ಲಿದ್ದರಂತೆ. ನಮಗೆ ಚಹಾ, ಬಿಸ್ಕೀಟು ಕೊಟ್ಟು, ಇನ್ನೂ ಏನಾದರೂ ಕಳುವಾಗಿದ್ದರೆ ಸಂಕೋಚಪಡದೆ ನೆನಪಿಸಿಕೊಳ್ಳಿರೆಂದು ಹೇಳಿದರು. ಒಂದೇ ಕೋಳಿ ಈ ದಂಡೆಯಲ್ಲಿ ಕಳುವಾದರೆ ಕಳಂಕ, ಆ ದಂಡೆಯಲ್ಲಿ ಕಳುವಾದರೆ ಜೀಪು! ತಮ್ಮ ಮಹಿಮೆಯನ್ನು ನಾನು ಪೂರ್ತಿಯಾಗಿ ಅರಿತುಕೊಂಡದ್ದು ಅವತ್ತೇ.

ಇತ್ತ ನಮ್ಮ ಚೌಕಿಗೆ ಯಾರೂ ಬರಲಿಲ್ಲ. ಬಾಕು, ದೀಪ, ಮಂಡಾಳ ಎಲ್ಲ ನಡೆದಿತ್ತು, ದೂರು ಮಾತ್ರ ಇರಲಿಲ್ಲ. ಹಣಮಮ್ಮ ಒಂದು ಮಧ್ಯಾಹ್ನ ನನ್ನ ಅಂಗನವಾಡಿಗೆ ಬಂದು, ಕೂಸುಗಳ ನಡುವೆ ಚಾಪೆಯ ಮೇಲೆ ಕೂತು, “ಯಾಕ್ರಿ ಟೀಚರ್, ಊರಾಗ ಎಲ್ಲಾರೂ ನನ್ನ ಮ್ಯಾಲ ಸಿಟ್ಟಾಗ್ಯಾರೇನು? ಒಬ್ಬರೂ ಬಂದು ಏನೂ ಹೇಳವಲ್ರು. ನಾ ಏನರ ತಪ್ಪ ಮಾತಾಡೀನೇನು?” ಎಂದು ಕೇಳಿದರು. ಅವರ ಮುಖ ನೋಡಿ ನನಗೆ ಬಹಳ ಕೆಡುಕೆನಿಸಿತು. ಹೇಳಿಬಿಡಲೇ ಎಂದುಕೊಂಡೆ, ಆದರೆ ಹೇಳಿದರೆ ಆ ಹೆಂಗಸು ಅಂದೇ ಸ್ಕೂಟಿ ಹತ್ತಿ ಎಲ್ಲರನ್ನೂ ಹಿಡಿದು ತಂದು ನಿಜ ಬರೆಸುತ್ತಾರೆ, ವರ್ಷದ ಕೊನೆಗೆ ಎತ್ತಂಗಡಿಯಾಗುತ್ತಾರೆ. “ಇಲ್ರಿ ಮೇಡಂ, ನಿಮ್ಮ ಅಂಜಿಕಿಗೆ ಕಳ್ಳರೇ ಬರವಲ್ರು” ಎಂದೆ. ಅವರು ನಂಬಲಿಲ್ಲ. ಒಂದು ಕೂಸಿನ ಮೂಗು ಒರೆಸಿ, ಎದ್ದು ಹೋದರು.

ವರ್ಷ ಮುಗಿಯಿತು. ನಮ್ಮ ಚೌಕಿಯ ಎದುರು ಸೊನ್ನೆ ಬಂತು. ಆ ಸೊನ್ನೆ ಎಷ್ಟು ದುಂಡಗೆ, ಎಷ್ಟು ತುಂಬಿಕೊಂಡು ಇತ್ತೆಂದರೆ ಮೇಲಿನವರು ಹಣಮಮ್ಮನನ್ನು ಕರೆದು, ಹೋದ ಸಲ ನಿಲ್ಲಿಸಿ ಬೈದ ಅದೇ ಸಭೆಯಲ್ಲಿ ಶಾಲು ಹೊದಿಸಿದರು. ನಾವು ಊರಲ್ಲಿ ಪೇಢೆ ಹಂಚಿದೆವು. ಪೇಢೆಯ ಸಿಹಿ ಬಾಯಲ್ಲಿ ಇರುವಾಗಲೇ ಎರಡನೆಯ ಆದೇಶ ಬಂತು: ಬನ್ನಿಹಾಳದಲ್ಲಿ ಅಪರಾಧವೇ ಇಲ್ಲದ್ದರಿಂದ ಅಲ್ಲಿ ಹೊರಠಾಣೆಯ ಅಗತ್ಯವಿಲ್ಲ, ಆಚೆ ದಂಡೆಯಲ್ಲಿ ಕಳವು ವಿಪರೀತ ಹೆಚ್ಚಿರುವುದರಿಂದ ಸದರಿ ಹೊರಠಾಣೆಯನ್ನು ಅದರ ಸಿಬ್ಬಂದಿ ಸಮೇತ ಅಲ್ಲಿನ ಹೊಸಕ್ಯಾಂಪಿಗೆ ಸ್ಥಳಾಂತರಿಸತಕ್ಕದ್ದು. ಹೊಸಕ್ಯಾಂಪು ನಮ್ಮ ಸೇತುವೆಯಿಂದ ಕೆನಾಲಿನಗುಂಟ ಬಹಳ ದೂರ. ಎತ್ತಂಗಡಿ ತಪ್ಪಿಸಲು ಹೋಗಿ ನಾವು ದಫೇದಾರರ ಜೊತೆಗೆ ಚೌಕಿಯನ್ನೂ ಎತ್ತಂಗಡಿ ಮಾಡಿಸಿದ್ದೆವು.

ಟ್ರಾಕ್ಟರಿನಲ್ಲಿ ಮೇಜು, ಕುರ್ಚಿ, ದೀಪ ಏರಿಸುವಾಗ ಅಮರಪ್ಪನಿಗೆ ತಡೆಯಲಾಗಲಿಲ್ಲ. ಅತ್ತುಕೊಂಡು ಎಲ್ಲವನ್ನೂ ಹೇಳಿಬಿಟ್ಟ. ಹಣಮಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಗಲ ಮೇಲಿನ ಶಾಲನ್ನು ಮಡಿಚುತ್ತ, “ನನ್ನ ಉಳಸಾಕ ಹೋಗಿ ನನ್ನ ಕೆಲಸಾನ ಇಲ್ಲ ಮಾಡಿದ್ರೆಲ್ಲಪಾ. ಬೈಸಿಕೊಳ್ಳೂದು ನನಗ ರೂಢಿ ಇತ್ತು” ಎಂದರು. ಬಾಕನ್ನು ಮಾತ್ರ ಟ್ರಾಕ್ಟರಿಗೆ ಏರಿಸಲು ಬಿಡಲಿಲ್ಲ. ಹೆಣ್ಣುಮಕ್ಕಳು ಕೂಡಲಿ, ಇಲ್ಲೇ ಇರಲಿ ಎಂದರು. ಆ ಸಂಜೆಯೇ ಮಸ್ತಾನಸಾಬರು ನಮ್ಮ ಮನೆಗೆ ಬಂದರು. “ದೀಪ ಇಲ್ಲದ ದಂಡಿ ಮ್ಯಾಲ ಮಗಳನ್ನ ಹ್ಯಾಂಗ ಕಳಸಲಿ ಟೀಚರ್? ಸಾಕು ಕಾಲೇಜ್. ಮನ್ಯಾಗ ಕೂಡಲಿ” ಎಂದರು. ಆಮೀನಾ ಹಿಂದೆ ಬಾಗಿಲಲ್ಲಿ ನಿಂತಿದ್ದಳು. ಮಹಾಶಯರೇ, ತಮ್ಮ ಪುಟದ ತುದಿಯಲ್ಲಿ ಸೊನ್ನೆ ಎಷ್ಟು ಹಗುರವಾಗಿ ಕಾಣುತ್ತದೆಯೋ ನಾನರಿಯೆ. ಇಲ್ಲಿ ಅದು ಆ ಹುಡುಗಿಯ ಕೊನೆಯ ವರ್ಷದ ಮೇಲೆ ಕೂತಿತ್ತು. ನನಗೆ ಸಿಟ್ಟು ಬಂದದ್ದು ಆಗ. ಕೊನೆಗೆ ಇಟ್ಟುಕೊಂಡಿದ್ದೇನೆ ಎಂದು ಮೊದಲೇ ಹೇಳಿದ್ದ ಸಿಟ್ಟು ಇದೇ.

ಆದಕಾರಣ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳು. ತಪ್ಪಿ ಆಚೆ ದಂಡೆಗೆ ಹೋದ ನಮ್ಮ ಕಳವುಗಳನ್ನೆಲ್ಲ ನಮಗೆ ಮರಳಿ ಕೊಡಿಸಬೇಕು. ಒಯ್ಯಲು ಬಂಡಿ ನಾವೇ ತರುತ್ತೇವೆ. ಅದು ಆಗದಿದ್ದರೆ, ದೆಹಲಿಯಂಥ ದೊಡ್ಡ ಊರುಗಳಲ್ಲಿ ತಮಗೆ ಇಡಲು ಜಾಗ ಸಾಲದೆ ಉಳಿದಿರುವ ಸಣ್ಣಪುಟ್ಟ ಜೇಬುಗಳ್ಳತನಗಳಿದ್ದರೆ, ಒಂದು ಚೌಕಿ ನಡೆಯುವಷ್ಟನ್ನು ನಮ್ಮೂರಿಗೆ ಮಂಜೂರು ಮಾಡಬೇಕು, ಚೆನ್ನಾಗಿ ನೋಡಿಕೊಳ್ಳುತ್ತೇವೆ. ಅದೂ ಆಗದಿದ್ದರೆ ತಮ್ಮ ಅಗಲವಾದ ಪುಟದ ಬಲತುದಿಯಲ್ಲಿ ಇನ್ನೊಂದು ಖಾನೆ ಎಳೆದು, ‘ಹೇಳಿಕೊಳ್ಳಲು ಹೋದವರ ಮಾತು ಕೇಳಿ ಬರೆದುಕೊಂಡವರು’ ಎಂದು ಅದರ ತಲೆಗೆ ಹೆಸರಿಡಬೇಕು. ಆ ಖಾನೆಯಲ್ಲಿ ಅಂಕಿ ಏರಿದಾಗ ಶಾಲು, ಇಳಿದಾಗ ಬೈಗುಳ. ಶಾಲು ನಾವೇ ಹೊಂದಿಸುತ್ತೇವೆ, ಒಂದು ಈಗಾಗಲೇ ಇದೆ.

ತಮ್ಮ ಉತ್ತರ ಬರುವುದು ಎರಡು ವರ್ಷ ತಡವಾದೀತೆಂಬ ಅಂಜಿಕೆಯಿಂದ ನಾವು ಸುಮ್ಮನೆ ಕೂಡಲಿಲ್ಲವೆಂಬುದನ್ನೂ ತಿಳಿಸಬೇಕು. ಯಾರ ಗಡಿಯಲ್ಲಿ ನಡೆದ ಅಪರಾಧವನ್ನಾದರೂ ಯಾವ ಠಾಣೆಯಲ್ಲಿಯಾದರೂ ಹೇಳಬಹುದು, ಅದಕ್ಕೆ ಸೊನ್ನೆ ನಂಬರು ಹಾಕಿ ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ ಎಂಬ ಕಾಯ್ದೆಯನ್ನು ಆಮೀನಾ ಕಾಲೇಜಿನಲ್ಲಿ ಕೇಳಿ ತಿಳಿದಿದ್ದಳು. ಹೋದ ಸೋಮವಾರ ಅವಳೇ ಮುಂದಾಗಿ, ಬನ್ನಿಹಾಳದ ಹೆಂಗಸರು ಗಂಡಸರೆಲ್ಲ ಎರಡು ಟ್ರಾಕ್ಟರುಗಳಲ್ಲಿ ಹೊಸಕ್ಯಾಂಪಿಗೆ ಹೋದೆವು. ಹಣಮಮ್ಮ ಬಾಗಿಲಿಗೆ ಬಂದು ಗಾಬರಿಯಾಗಿ ನಿಂತರು. ಕೋಳಿ, ಬೆಲ್ಟು, ಏನೇನು ಹೋಗಿತ್ತೋ ಅದೆಲ್ಲ ನಮ್ಮ ದಂಡೆಯಲ್ಲೇ ಹೋದದ್ದೆಂದು, ಹಿಂದೆ ಹೇಳಿದ್ದು ಸುಳ್ಳೆಂದು ಒಬ್ಬೊಬ್ಬರಾಗಿ ಹೇಳಿದೆವು. ಸುಳ್ಳು ಹೇಳಿದ್ದಕ್ಕೂ ಒಂದು ಕಲಂ ಇದೆಯೆಂದು ಅವರು ಎಚ್ಚರಿಸಿದರು; ಅದೂ ನಮ್ಮೂರಿನ ಲೆಕ್ಕಕ್ಕೇ ಬರುವುದಾದರೆ ಹಾಕಿರೆಂದೆವು. ಎಲ್ಲ ಮುಗಿದ ಮೇಲೆ ಆಮೀನಾ ತನ್ನ ಹೆಸರಿನಲ್ಲಿ ಕೊನೆಯ ದೂರು ಕೊಟ್ಟಳು: “ನಮ್ಮೂರ ಚೌಕಿ ಕಳುವಾಗ್ಯಾದ್ರಿ ಮೇಡಂ. ದೀಪ ಸಮೇತ.”

ಪರಮಣ್ಣ ನಕ್ಕುಬಿಟ್ಟ. ಹಣಮಮ್ಮ ನಗಲಿಲ್ಲ. ಪೆನ್ನಿನ ಟೊಪ್ಪಿಗೆ ತೆಗೆದು, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು, “ಯಾರ ಮ್ಯಾಲ ಸಂಶಯ ಅದ?” ಎಂದು ಕೇಳಿದರು. ತಿಮ್ಮವ್ವ ಗುಂಪಿನಿಂದ ಮುಂದೆ ಬಂದು, ಹೆಬ್ಬೆರಳು ಚಾಚಿ, “ನಮ್ಮ ಮ್ಯಾಲೇ ಬರಕೋ ಯವ್ವಾ. ಕದ್ದು ಕೆನಾಲ್ ದಾಟಿಸಿದವರು ನಾವೇ” ಎಂದಳು. ಹಣಮಮ್ಮ ಅದನ್ನೂ ಬರೆದರು. ಬರೆಯುವಾಗ ಅವರ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು. ಆ ಕಾಗದಗಳನ್ನೆಲ್ಲ ಸ್ಕೂಟಿಯ ಡಿಕ್ಕಿಯಲ್ಲಿ ಹಾಕಿಕೊಂಡು ಸೇತುವೆ ದಾಟಿ, ನಮ್ಮ ದೊಡ್ಡ ಠಾಣೆಗೆ ಹೋಗಿ, ನಂಬರು ಬರುವ ತನಕ ಅದೇ ಹಳೆಯ ಬಾಕಿನ ಮೇಲೆ ಕೂತರು. ರೊಟ್ಟಿಯ ಗಂಟು ಈ ಸಲ ತಿಮ್ಮವ್ವನದು.

ಆದ್ದರಿಂದ ಮುಂಬರುವ ತಮ್ಮ ಪುಸ್ತಕದಲ್ಲಿ ನಮ್ಮ ಜಿಲ್ಲೆಯ ಅಂಕಿ ಏಕಾಏಕಿ ಏರಿದ್ದು ಕಂಡರೆ ತಾವು ಗಾಬರಿಯಾಗಬಾರದು, ಯಾರನ್ನೂ ಎದ್ದು ನಿಲ್ಲಿಸಿ ಬೈಯಲು ಬಿಡಬಾರದು. ನಮ್ಮಲ್ಲಿ ಕಳ್ಳರು ಹೆಚ್ಚಾಗಿಲ್ಲ. ಹೇಳಿಕೊಳ್ಳುವ ಧೈರ್ಯ ಹೆಚ್ಚಾಗಿದೆ. ಚೌಕಿ ಇನ್ನೂ ಮರಳಿ ಬಂದಿಲ್ಲ, ಪರಿಶೀಲನೆಯಲ್ಲಿದೆ ಎಂದಿದ್ದಾರೆ. ಅದು ಬರುವ ತನಕ ಹಣಮಮ್ಮ ಬಿಟ್ಟುಹೋದ ಬಾಕಿನ ಮೇಲೆ ಸಂಜೆಯ ಬಸ್ಸಿನ ಹೊತ್ತಿಗೆ ನಾವೇ ಕಂದೀಲು ಹಿಡಿದು ಕೂಡುತ್ತೇವೆ. ಮಸ್ತಾನಸಾಬರು ಎರಡು ದಿನ ದೂರ ನಿಂತು ನೋಡಿ, ಮೂರನೆಯ ದಿನ ಮಗಳ ಬಸ್ ಪಾಸಿನ ಸಲುವಾಗಿ ತಾವೇ ಶಹಾಪುರಕ್ಕೆ ಹೋಗಿಬಂದರು. ಆಮೀನಾ ಕಾಲೇಜಿಗೆ ಹೋಗುತ್ತಿದ್ದಾಳೆ. ಈ ಒಂದು ಸಂಗತಿಯನ್ನು ತುಂಬಲು ತಮ್ಮಲ್ಲಿ ಖಾನೆ ಇಲ್ಲವೆಂದು ಗೊತ್ತಿದ್ದರೂ ಸಂತೋಷ ತಡೆಯಲಾರದೆ ತಿಳಿಸಿದ್ದೇನೆ.

ತಮ್ಮ ‘ಒಟ್ಟು’ವಿನೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಜಾಗ ಬೇಡುವ,

ತಮ್ಮ ವಿಶ್ವಾಸಿ,
ಗೊಲ್ಲಾಳಮ್ಮ
ಅಂಗನವಾಡಿ ಟೀಚರ್, ಬನ್ನಿಹಾಳ
(ಕೆನಾಲಿನ ಈ ದಂಡೆ)

ತಾ.ಕ.: ಬಾಕಿನ ಮೇಲೆ ಕೂಡುವಾಗ ತಿಮ್ಮವ್ವ ತನ್ನ ಹೋತ ಕಾಯುತ್ತಿದ್ದ ಬಡಿಗೆಯನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತಾಳೆ. ನಾಳೆ ಯಾವನಾದರೂ ಕಳ್ಳ ಕೈಗೆ ಸಿಕ್ಕು, ಅವನ ಕಾಲು ಮುರಿದರೆ, ಒಂದೇ ದೂರಿನಲ್ಲಿ ದೊಡ್ಡ ಅಪರಾಧವೊಂದನ್ನೇ ಎಣಿಸುವ ತಮ್ಮ ನಿಯಮದಂತೆ ಅವನ ಕಳವು ಬಿಟ್ಟುಹೋಗಿ ತಿಮ್ಮವ್ವನ ಬಡಿಗೆ ಒಂದೇ ತಮ್ಮ ಕೋಷ್ಟಕದಲ್ಲಿ ಉಳಿಯುತ್ತದೆಯೆಂದು ಅವಳಿಗೆ ತಿಳಿಸಿ ಹೇಳಿದ್ದೇನೆ. ಅವಳದೇನೂ ಆಕ್ಷೇಪಣೆ ಇಲ್ಲವಂತೆ. ತನ್ನನ್ನು ಬರೆದುಕೊಳ್ಳಲು ಹಣಮಮ್ಮನೇ ಬರಬೇಕು, ಬಂದರೆ ಚೌಕಿ ಸಮೇತ ಬರಬೇಕು ಎಂದಿದ್ದಾಳೆ.